ಅಟ್ಟದ ಗೋಡೆಯ ಕರು

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತುರುವೇಕೆರೆಯ ಹೈಸ್ಕೂಲೊಂದರಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯಬೇಕೆಂಬ ಹುಚ್ಚು ಹತ್ತಿತ್ತು. ಬೆಂಗಳೂರಿನ ಒಂದು ಸಣ್ಣ ಪ್ರಕಾಶನದವರು, ತಾಯಿಯನ್ನು ಹುಡುಕಿಕೊಂಡು ಊರೆಲ್ಲ ಅಲೆಯುವ ಕರುವಿನ ಕತೆಯನ್ನು ಕೈಗಿಟ್ಟು, ಇದಕ್ಕೆ ಚಿತ್ರ ಮಾಡಿಕೊಂಡು ಬನ್ನಿ ಅಂದಿದ್ದರು. ನನಗೆ ಸಿಕ್ಕಿದ ಮೊದಲ ಪುಸ್ತಕ ಅದು. ಬರೆದ ಚಿತ್ರಗಳನ್ನು ರಟ್ಟಿನ ನಡುವೆ ಕಟ್ಟಿಕೊಂಡು, ತಿಪಟೂರಿನಲ್ಲಿ ರೈಲು ಹತ್ತಿ, ಮಡಿಲಲ್ಲಿ ಮಗು ಇಟ್ಟುಕೊಂಡವನ ಹಾಗೆ ಬೆಂಗಳೂರು ತಲುಪಿದೆ.

ಅಲ್ಲಿನ ಸಂಪಾದಕಿ ಮೆಲುಮಾತಿನ, ನಿಧಾನದ ಹೆಂಗಸು. ಒಂದೊಂದೇ ಚಿತ್ರ ತಿರುವಿ ನೋಡಿ ಕೇಳಿದರು: "ಈ ಕರು ಯಾರ ಮನೇದು ಮೇಷ್ಟ್ರೇ?"

ನನಗೆ ಅರ್ಥವಾಗಲಿಲ್ಲ.

"ನೀವು ಕಣ್ಣಾರೆ ಕಂಡಿರೋ ಕರುನಾ ಅಂತ ಕೇಳ್ದೆ."

ಅದು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ನೇತುಹಾಕಿದ್ದ ಕ್ಯಾಲೆಂಡರಿನ ಕರು. ಕಣ್ಣಿಗೆ ಕಾಡಿಗೆ ತೀಡಿದಂತಿತ್ತು, ಕೊರಳಲ್ಲಿ ಗೆಜ್ಜೆ ಬೇರೆ. ನಾನು ಸುಮ್ಮನೆ ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. "ಇನ್ನೊಂದ್ಸಲ ಪ್ರಯತ್ನ ಮಾಡಿ, ಆತುರ ಇಲ್ಲ" ಎಂದು ರಟ್ಟು ಕಟ್ಟಿ ವಾಪಸು ಕೊಟ್ಟರು.

ನಮ್ಮ ಮನೆ ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ. ವಾರದ ಕೊನೆಗೆ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಕೊಟ್ಟಿಗೆಯಲ್ಲಿ ನಿಜವಾದ ಕರುವಿನ ಮುಂದೆಯೇ ಕೂತು ಬರೆದೆ. ಕಿವಿ, ಮೂತಿ, ಗೊರಸು ಎಲ್ಲ ಇದ್ದಂತೆಯೇ ಬಂದವು. ಆದರೆ ಹಾಳೆಯ ಮೇಲಿನ ಆ ಕರುವಿಗೆ ತಾಯಿ ಬೇಕಾಗಿರಲಿಲ್ಲ. ಯಾವುದೂ ಬೇಕಾಗಿರದ ಕರು ಅದು.

ಆ ಮನೆಯನ್ನು ಆಳುತ್ತಿದ್ದವಳು ನಮ್ಮ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ದೊಡ್ಡ ಗಂಟಲು. ತೋಟದ ಆ ತುದಿಯಲ್ಲಿ ಕಾಯಿ ಕೀಳುವವರಿಗೂ ಅಡುಗೆಮನೆಯಿಂದಲೇ ಹುಕುಂ ಹೋಗುತ್ತಿತ್ತು. ನಾನು ಬಣ್ಣ ಕಲಸುತ್ತ ಕೂತರೆ, "ಏನ್ಲಾ, ಇನ್ನೂ ಒಂದನೇ ಕ್ಲಾಸಾ ನೀನು?" ಎಂದು ನಗುತ್ತಿದ್ದಳು.

ಆ ಸಲ ಅಟ್ಟದಿಂದ ಕಾಯಿ ಇಳಿಸುವ ಕೆಲಸ ನಡೆದಿತ್ತು. ನಮ್ಮ ಕಡೆ ಬಲಿತ ಕಾಯನ್ನು ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲೆ ಬಿಡುತ್ತಾರೆ. ಒಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಒಂದು ರಾಶಿ ಇಳಿಯುವ ಹೊತ್ತಿಗೆ ಇನ್ನೊಂದು ಏರುವುದರಿಂದ ನಮ್ಮ ಅಟ್ಟ ಬರಿದಾದದ್ದನ್ನು ನಾನು ಕಂಡಿರಲೇ ಇಲ್ಲ. ಆ ವರ್ಷ ದೊಡ್ಡಮ್ಮನ ಕೊನೆಯ ಮಗಳ ಮದುವೆ ಗೊತ್ತಾಗಿತ್ತು, ಹಂಚು ಕೈಯಾಡಿಸಬೇಕಿತ್ತು. ಹಾಗಾಗಿ ಪೂರ್ತಿ ಖಾಲಿ ಮಾಡಲು ಹೊರಟಿದ್ದರು. ಆಳು ಸಾಲದೆ ನಾನೂ ಏಣಿ ಹತ್ತಿದೆ.

ಮುಕ್ಕಾಲು ಪಾಲು ರಾಶಿ ಇಳಿದ ಮೇಲೆ ಹಿಂದಿನ ಗೋಡೆ ಕಂಡಿತು. ಕೆಳಗಿನ ಒಲೆಯ ಹೊಗೆ ಎಷ್ಟೋ ವರ್ಷ ತಾಗಿ ಗೋಡೆ ಕಪ್ಪು ಕಪ್ಪಾಗಿತ್ತು. ಯಾರೋ ಹಂಚು ಸರಿಸಿದರು, ಬಿಸಿಲು ಒಳಗೆ ಬಿತ್ತು. ಮಸಿಯನ್ನು ಗೀರಿ ಗೀರಿ ಬರೆದ ಚಿತ್ರಗಳು! ಅಡಿಯ ಸುಣ್ಣ ಗೆರೆಯಾಗಿ ಎದ್ದಿತ್ತು. ಗೆರೆಯ ಮೇಲೂ ಹೊಗೆ ಕೂತು ಮಾಸಿತ್ತು, ಆದರೂ ಕಾಣುತ್ತಿತ್ತು. ಬಾವಿಯ ಕಟ್ಟೆ. ಮಲಗಿದ ನಾಯಿ. ದೂರ ಹೋಗುತ್ತಿರುವ ಗಾಡಿ, ಅದರೊಳಗಿಂದ ತಿರುಗಿ ನೋಡುತ್ತಿರುವ ಒಬ್ಬ ಮನುಷ್ಯ. ಆಮೇಲೆ ಒಂದು ಕರು. ಕಾಲುಗಳು ಮೈಗಿಂತ ಉದ್ದ, ಬಾಲ ನೆಟ್ಟಗೆ ಮೇಲೆ, ಕತ್ತು ಮುಂದಕ್ಕೆ ಚಾಚಿಕೊಂಡಿದೆ. ಅಳತೆ ಯಾವುದೂ ಸರಿಯಿಲ್ಲ. ಆದರೆ ಅದು ಯಾರನ್ನೋ ಕೂಗುತ್ತಿದೆ ಎಂಬುದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ಧಡಧಡ ಇಳಿದು ಬಂದು ಕೇಳಿದೆ. "ದೊಡ್ಡಮ್ಮ, ಮೇಲೆ ಗೋಡೆ ಮೇಲೆ ಬರೆದಿರೋದು ಯಾರು?"

ಅವಳು ಕಾಯಿ ಆರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನಾನೇ ಕಣ್ಲಾ. ಇನ್ನೂ ಐತಾ ಅದು?"

"ನೀನಾ?"

"ಮದ್ವೆಯಾಗಿ ಬಂದಾಗ ಇಷ್ಟುದ್ದ ಇದ್ದೆ. ಆಗ ಅಟ್ಟಕ್ಕೆ ಬಿದಿರು ದಬ್ಬೆ, ದೊಡ್ಡೋರ ಭಾರ ತಡೀತಿರಲಿಲ್ಲ ಅಂತ ನಮ್ಮತ್ತೆ ನನ್ನೇ ಹತ್ತಿಸೋರು. ಕೆಳಗೆ ಅತ್ರೆ ಬೈಯೋರು. ಮೇಲೆ ಯಾರೂ ಇರ್ತಿರಲಿಲ್ವಲ್ಲ, ಒಂದು ಕರಟದ ಚೂರು ಇಟ್ಕೊಂಡು ಗೀಚ್ತಾ ಕೂತಿರ್ತಿದ್ದೆ."

ಅಷ್ಟು ಹೇಳಿ, ಹಂಚಿನವನು ಯಾಕೆ ಸುಮ್ಮನೆ ನಿಂತಿದ್ದಾನೆಂದು ಗದರಲು ಎದ್ದುಹೋದಳು.

ಮರುದಿನ ಬೆಳಗ್ಗೆಯೇ ಶುರುಮಾಡಿದೆ. ದಪ್ಪ ಹಾಳೆಗೆ ಕರಿ ಶಾಯಿ ಬಳಿದು, ಒಣಗಿದ ಮೇಲೆ ಬ್ಲೇಡಿನ ಮೂಲೆಯಿಂದ ಗೀರುತ್ತ ಹೋದೆ. ಕಪ್ಪಿನೊಳಗಿಂದ ಬಿಳಿ ಕರು ಎದ್ದು ಬಂತು. ಅಂಥ ಸಂತೋಷ ನನಗೆ ಮತ್ತೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಕೆಲವು ಚಿತ್ರಗಳನ್ನು ಬೆಂಗಳೂರಿಗೆ ಒಯ್ದೆ. ಸಂಪಾದಕಿಯ ಮುಖ ಅರಳಿತು. ಆ ಹುರುಪಿನಲ್ಲಿ ಗೋಡೆಯ ವಿಷಯವನ್ನೂ ಹೇಳಿದೆ. "ನಾನೇ ಬರ್ತೀನಿ, ಫೋಟೋಗ್ರಾಫರನ್ನೂ ಕರ್ಕೊಂಡು ಬರ್ತೀನಿ. ಪುಸ್ತಕದಲ್ಲಿ ಅವರದ್ದೂ ಒಂದು ಪುಟ ಹಾಕೋಣ" ಅಂದರು. ಬರುವ ಭಾನುವಾರ ಎಂದು ಗೊತ್ತಾಯಿತು.

ಮನೆಗೆ ಬಂದು ಎಲ್ಲರೆದುರು ಹೇಳಿದೆ. ಎಲ್ಲರೂ ನಕ್ಕರು, ದೊಡ್ಡಪ್ಪನೂ ನಕ್ಕ. ದೊಡ್ಡಮ್ಮ ಮಾತ್ರ ಏನೂ ಅನ್ನದೆ ರಾಗಿಮುದ್ದೆ ಬಡಿಸುತ್ತ ಹೋದಳು. ಒಪ್ಪಿಗೆಯೆಂದೇ ನಾನು ತಿಳಿದೆ.

ಶನಿವಾರ ಮಧ್ಯಾಹ್ನ ಸ್ಕೂಲು ಮುಗಿಸಿ ಬಂದಾಗ ಅಂಗಳದಲ್ಲೇ ಸುಣ್ಣದ ವಾಸನೆ ಹೊಡೆಯಿತು. ಅಟ್ಟ ಹತ್ತಿದೆ. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆಂಗಿನ ನಾರಿನ ಕುಂಚ ಹಿಡಿದು ನಿಂತಿದ್ದಳು. ಮೊದಲು ಪೊರಕೆಯಿಂದ ಮಸಿಯನ್ನೆಲ್ಲ ಕೆರೆದು, ಆಮೇಲೆ ಸುಣ್ಣ ಬಳಿದಿದ್ದಳು. ನಾನು ಚಿತ್ರ ಕಂಡ ದಿನ ಕಾಯಿ ಇನ್ನೂ ಉಳಿದಿದ್ದ ಮೂಲೆಯೂ ಈಗ ಬೆಳ್ಳಗಾಗಿತ್ತು. ಅಲ್ಲಿ ಏನಿತ್ತೋ ನಾನು ನೋಡಿರಲೇ ಇಲ್ಲ.

"ಏನ್ ಮಾಡ್ಬುಟ್ಟೆ ದೊಡ್ಡಮ್ಮ!"

"ಮದ್ವೆ ಮನೆ, ಸುಣ್ಣ ಹೊಡೀಬೇಡ್ವಾ?"

"ನಾಳೆ ಅವ್ರು ಬರ್ತಾವ್ರೆ, ಅದನ್ನ ನೋಡೋಕೆ!"

ಅವಳು ಕುಂಚವನ್ನು ಬಕೆಟ್ಟಿಗೆ ಹಾಕಿದಳು. ದೊಡ್ಡ ಗಂಟಲು ಆಗ ಇರಲಿಲ್ಲ. "ನೋಡ್ಲಿ ಅಂತ ಬರೆದಿದ್ದಲ್ಲ ಕಣ್ಲಾ. ಆ ಗಾಡಿ ನೋಡಿದ್ಯಲ್ಲ, ನಮ್ಮಪ್ಪ ನನ್ನ ಇಲ್ಲಿ ಬಿಟ್ಟೋದಾಗಿಂದು. ಅಳ್ತಾ ಅಳ್ತಾ ಗೀಚಿದ್ದು. ಅದನ್ನ ಬೆಂಗ್ಳೂರೋರು ಫೋಟೋ ಹಿಡ್ಕೊಂಡು ಹೋಗ್ಬೇಕಾ?"

ಆಮೇಲೆ ಅವಳೇ, "ಕರು ನಿನ್ ಹತ್ರ ಐತಲ್ಲ, ಅದಿರ್ಲಿ ಬುಡು" ಅಂದಳು.

ಮರುದಿನ ಫೋಟೋಗ್ರಾಫರನ ಜೊತೆ ಸಂಪಾದಕಿ ಬಂದರು. ದೊಡ್ಡಮ್ಮ ಅವರನ್ನು ಎಳನೀರು ಕೊಟ್ಟು ಕೂರಿಸಿ, ಒತ್ತಿ ಒತ್ತಿ ಬಡಿಸಿದಳು. ಅವರು ಏಣಿ ಹತ್ತಿ, ಬೆಳ್ಳಗಿನ ಗೋಡೆಯನ್ನು ನೋಡಿ ಇಳಿದುಬಂದರು.

ಪುಸ್ತಕ ಮುಂದಿನ ವರ್ಷ ಬಂತು, ಮಕ್ಕಳಿಗೂ ಹಿಡಿಸಿತು. ಗಾಡಿಯ ಚಿತ್ರವನ್ನು ನಾನು ಎಲ್ಲೂ ಬರೆಯಲಿಲ್ಲ. ದೊಡ್ಡಮ್ಮ ಹಾಳೆ ತಿರುವಿ, "ಚೆನ್ನಾಗೈತೆ" ಎಂದು ದೇವರ ಗೂಡಿನ ಪಕ್ಕ ಇಟ್ಟಳು. ಶಾಯಿ ಬಳಿದ ಹಾಳೆಯೊಂದನ್ನು ಅವಳ ಕೈಗೆ ಕೊಟ್ಟು, "ನೀನೂ ಒಂದು ಬರಿ" ಎಂದು ಕಾಡಿದ್ದೂ ಉಂಟು. ಹಾಳೆಯ ಮೇಲೆ ಸುಮ್ಮನೆ ಕೈಯಾಡಿಸಿ, "ಈಗೆಲ್ಲಿ ಬತ್ತದೆ?" ಎಂದು ಹಿಂದಕ್ಕೆ ಕೊಟ್ಟಳು. ಕೇಳಬೇಕಾದದ್ದು ಅದಲ್ಲ ಎಂದು ಈಗ ಅನ್ನಿಸುತ್ತದೆ. ಆ ನಾಯಿ ಯಾವುದು, ಬಾವಿ ಯಾರದು, ಮೂಲೆಯಲ್ಲಿ ಏನು ಬರೆದಿದ್ದೆ ಎಂದು ಪಕ್ಕದಲ್ಲಿ ಕೂತು ಕೇಳಬಹುದಿತ್ತು. ಕೇಳಿದರೆ ನೋಯುತ್ತಾಳೆ ಎಂದುಕೊಂಡೇ ವರ್ಷಗಳು ಹೋದವು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವಳು ತೀರಿಕೊಂಡಳು.

ತಿಥಿಗೆ ಬಂದಿದ್ದ ಅವಳ ಕೊನೆಯ ಮಗಳು ನನ್ನ ಪಕ್ಕ ಬಂದು ಕೂತಳು. "ಅಣ್ಣ, ಅಮ್ಮ ನಿಜವಾಗ್ಲೂ ಚಿತ್ರ ಬರೀತಿದ್ಲಾ? ನೀನು ತಮಾಷೆಗೆ ಹೇಳ್ತಿದ್ದೆ ಅಂದ್ಕೊಂಡಿದ್ದೆ."

ಜೇಬಿನಲ್ಲಿದ್ದ ಪೆನ್ನು ತೆಗೆದು, ಸಿಕ್ಕಿದ ಕಾಗದದ ಮೇಲೆ ಕರುವನ್ನು ಬರೆದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಇದು ಪುಸ್ತಕದಲ್ಲಿರೋ ನಿನ್ನ ಕರು ಕಣಣ್ಣ. ಅಮ್ಮಂದು ಹೆಂಗಿತ್ತು?"

ಇನ್ನೊಮ್ಮೆ ಬರೆದೆ, ಅದೂ ನನ್ನದೇ ಆಯಿತು. ಪೆನ್ನು ಮುಚ್ಚಿ, ಕಾಲು ಉದ್ದ ಇತ್ತು, ಬಾಲ ಮೇಲಕ್ಕಿತ್ತು ಎಂದು ಬಾಯಲ್ಲಿ ಹೇಳತೊಡಗಿದೆ. ಅವಳು ಕೇಳಿಸಿಕೊಳ್ಳುತ್ತ ಕೂತಿದ್ದಳು.