ಒಂದು ಮೊಳೆಯೂ ಬೀಳದ ಹಾಗೆ

ನಮ್ಮ ಅಂಗಡಿಯಲ್ಲಿ ಮದುವೆಯ ಕರೆಯೋಲೆಯನ್ನು ಅಳಿಸುವ ಪದ್ಧತಿ ಇಲ್ಲ. ಗಂಡು ಹೆಣ್ಣಿನ ಹೆಸರನ್ನು ಅಕ್ಕಪಕ್ಕ ಜೋಡಿಸಿಟ್ಟ ಮೇಲೆ ಅದನ್ನು ಕೈಯಾರೆ ಒರೆಸಿ ಹಾಕುವುದೆಂದರೆ ಮನಸ್ಸಿಗೆ ಹೇಗೋ ಆಗುತ್ತದೆ. ಉತ್ತರಕ್ರಿಯೆಯ ಕಾಗದಕ್ಕೆ ಮಾತ್ರ ಲೆಕ್ಕ ಬೇರೆ. ಅದನ್ನು ಅಚ್ಚು ಹಾಕಿ ಕೊಟ್ಟ ದಿನವೇ ಕಂಪ್ಯೂಟರಿನಿಂದ ತೆಗೆದುಬಿಡುತ್ತೇನೆ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅದು ಒಳಗೆ ಇರಬಾರದು.

ಇದು ನಾನು ಮಾಡಿಕೊಂಡ ನಿಯಮವಲ್ಲ. ಜಯಪುರದಲ್ಲಿ ನನಗೆ ಕೆಲಸ ಕಲಿಸಿದ ಮುದ್ರಣಾಲಯದ ಯಜಮಾನರದ್ದು. ಅಡ್ಡಗದ್ದೆಯಿಂದ, ತೋಟದ ಕೂಲಿಯವರ ಮಗಳಾಗಿ, ಹತ್ತನೇ ಕ್ಲಾಸು ಮುಗಿಸಿ ಅಲ್ಲಿಗೆ ಮೊಳೆ ಜೋಡಿಸಲು ಸೇರಿದವಳು ನಾನು. ಮೊಳೆ ಎಂದರೆ ಸೀಸದ ಅಕ್ಷರ. ಒಂದೊಂದನ್ನೇ ಆರಿಸಿ ತೆಗೆದು ಸಾಲು ಕಟ್ಟಬೇಕಿತ್ತು. ಯಜಮಾನರು ಒಂದು ಉದ್ದನೆಯ ತಂತಿಗೆ ಪ್ರತಿ ಮದುವೆಯ ಕರೆಯೋಲೆಯ ಒಂದೊಂದು ಪ್ರತಿ ಚುಚ್ಚಿಡುತ್ತಿದ್ದರು. ಉತ್ತರಕ್ರಿಯೆಯದ್ದು ಉಳಿದರೆ ಅವತ್ತೇ ಬಚ್ಚಲೊಲೆಗೆ. ನಾನು ಇವತ್ತು ಬರೆಯುವ ನಾಲ್ಕು ಮಾತೂ ಅವರ ಬಾಯಿಂದ ಕಲಿತದ್ದೇ. ಕರೆಯೋಲೆ ಓದಿದರೆ ಯಾರೋ ಬಾಗಿಲಲ್ಲಿ ನಿಂತು ಕರೆದ ಹಾಗೆ ಕೇಳಬೇಕು, ನೋಟೀಸು ಅಂಟಿಸಿದ ಹಾಗಲ್ಲ ಎನ್ನುತ್ತಿದ್ದರು.

ಮುದ್ರಣಾಲಯ ಮುಚ್ಚಿತು. ನಾನು ಬಾಳಗಡಿಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಅಂಗಡಿ ತೆರೆದೆ. ತಂತಿಯ ಬದಲು ‘ಮದುವೆ’ ಎಂಬ ಫೋಲ್ಡರ್ ಆಯಿತು. ಮೊದಲೆಲ್ಲ ಒಂದು ಮದುವೆ ಎಂದರೆ ಒಂದು ಪುಟ. ಈಚೆಗೆ ಜೋಡಿಯ ಫೋಟೊ, ಫ್ಲೆಕ್ಸು, ಊಟದ ಚೀಟಿ ಎಲ್ಲ ಸೇರಿ ಒಂದೊಂದೂ ಮದುವೆ ಮನೆಯ ದಿಬ್ಬಣದಷ್ಟೇ ಭಾರ. ಐನೂರು ಜಿಬಿಯ ಹಾರ್ಡ್ ಡಿಸ್ಕಿನಲ್ಲಿ ಮುನ್ನೂರಕ್ಕೂ ಹೆಚ್ಚು ತುಂಬಿಕೊಂಡಿತ್ತು.

ಹೋದ ವರ್ಷ ಲಗ್ನಗಳ ಕಾಲ ಶುರುವಾಗುವ ಹೊತ್ತಿಗೆ ಆ ಡಿಸ್ಕು ಕಟಕಟ ಎನ್ನತೊಡಗಿತು. ಬೆಳಿಗ್ಗೆ ಸ್ವಿಚ್ ಹಾಕಿ, ಅಂಗಡಿ ಗುಡಿಸಿ, ನೀರು ತಂದು, ಊದುಬತ್ತಿ ಹಚ್ಚಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ನರಸಿಂಹರಾಜಪುರದಲ್ಲಿ ಒಬ್ಬರು ರಿಪೇರಿಯವರಿದ್ದಾರೆ, ರೇಡಿಯೊ ಕಾಲದಿಂದ ಕೈಪಳಗಿದವರು. ಹೋಗಿ ಕೇಳಿದೆ. ಡಿಸ್ಕು ಇನ್ನು ಹೆಚ್ಚು ದಿನ ಬಾಳುವುದಿಲ್ಲ, ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕು ಹಾಕಿಸಿ, ಎಲ್ಲ ಹೊಸದಾಗಿ ಹಾಕಿ ಸಂಜೆಗೆ ಕೊಡುತ್ತೇನೆ ಎಂದರು.

ಹೊಸದಾಗಿ ಎಂದ ಕೂಡಲೇ ನಾನು ಬೇಡವೆಂದೆ. ನಾನು ಕನ್ನಡ ಹೊಡೆಯುವ ಸಾಫ್ಟ್‌ವೇರು ಹಳೆಯದು. ಅದನ್ನು ಮಾಡಿದವರು ಅಂಗಡಿ ಮುಚ್ಚಿ ಯಾವ ಕಾಲವಾಯಿತೋ. ಒಂದು ಕಂಪ್ಯೂಟರಿಗೆ ಒಂದು ಸಲ ಕೀಲಿ ಸಂಖ್ಯೆ ಕೊಟ್ಟರೆ ಮುಗಿಯಿತು, ಇನ್ನೊಮ್ಮೆ ಕೊಡುವವರಿಲ್ಲ. ಅದು ಹೋದರೆ ಇಷ್ಟು ವರ್ಷದ ಕರೆಯೋಲೆಗಳೆಲ್ಲ ಇದ್ದೂ ಇಲ್ಲದ ಹಾಗೆ. ತೆರೆದರೆ ಇರುವೆ ಸಾಲಿನಂಥ ಗೀಟು ಕಾಣಬೇಕೇ ಹೊರತು ಅಕ್ಷರ ಅಲ್ಲ. ಅಂಗಡಿಯೂ ಅಷ್ಟಕ್ಕೇ ನಿಂತಂತೆ. ಅಡ್ಡಗದ್ದೆಯವರೊಬ್ಬರ ಮಗಳ ಮದುವೆಯ ಕಾರ್ಡು ಆಗಲೇ ಪ್ರೂಫಿಗೆ ಕಾದಿತ್ತು.

ಹಳೆಯ ಸಿಸ್ಟಮ್ಮನ್ನು ಇದ್ದದ್ದು ಇದ್ದ ಹಾಗೆ ಹೊಸ ಡಿಸ್ಕಿಗೆ ದಾಟಿಸಲು ಆಗುವುದಿಲ್ಲವೇ ಎಂದು ಕೇಳಿದೆ. ಅವರ ಹತ್ತಿರ ಇದ್ದ ಎಸ್‌ಎಸ್‌ಡಿ ಇನ್ನೂರ ನಲವತ್ತು ಜಿಬಿಯದ್ದೊಂದೇ. ದೊಡ್ಡದರಿಂದ ಚಿಕ್ಕದಕ್ಕೆ ಹೋಗುವುದಿಲ್ಲ, ಬೇಡದ್ದನ್ನೆಲ್ಲ ಅಳಿಸಿ ಬನ್ನಿ ನೋಡುವ ಎಂದರು. ಎಲ್ಲ ಮದುವೆಗಳೇ, ಅಳಿಸುವ ಹಾಗಿಲ್ಲ ಎಂದೆ. ಅವರು ಸ್ಕ್ರೂ ಡ್ರೈವರ್ ಕೆಳಗಿಟ್ಟು ನನ್ನ ಮುಖ ನೋಡಿದರು.

“ಅಲ್ಲ ಅಕ್ಕ, ಅವ್ರಿಗೆ ಮಕ್ಳಾಗಿ ಶಾಲೆಗೆ ಹೋಗ್ತಿದಾವೆ. ಇನ್ನೂ ಎಂತಕ್ಕೆ ಅವ್ರ ಕಾರ್ಡು?”

“ಮಕ್ಳಾಗಿದ್ದು ನಾ ಅಳಿಸ್ದೆ ಇಟ್ಟಿದ್ದಕ್ಕೇ ಮಾರಾಯ್ರೆ,” ಎಂದೆ. “ಆ ಡಿಸ್ಕಿನ ಪೆಟ್ಟಿಗೆ ಕೊಡಿ. ನಾನೇ ನೋಡ್ತೀನಿ.”

ಅಂಗೈಯಗಲದ ಆ ಪೆಟ್ಟಿಗೆಯನ್ನು ಊಟದ ಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಬಾಯಿಯನ್ನು ನಾನೇ ಬೈದುಕೊಂಡೆ.

ಮೊದಲು ಯಜಮಾನರಿಗೆ ಫೋನ್ ಮಾಡಿದೆ. ಅವರಿಗೀಗ ಎಂಬತ್ತು ದಾಟಿದೆ. ಈಗಲೂ ಭಾನುವಾರ ಜಯಪುರದಿಂದ ಬಸ್ಸಿನಲ್ಲಿ ಬಂದು ವಾರದ ಪ್ರೂಫುಗಳನ್ನೆಲ್ಲ ನೋಡಿ ಹೋಗುತ್ತಾರೆ. ಮದುವೆಗಳನ್ನು ಹೊರಗಿನ ಬೇರೆ ಡಿಸ್ಕಿಗೆ ಸಾಗಿಸಿ ಇಲ್ಲಿಂದ ತೆಗೆದರೆ ಅಳಿಸಿದ ಹಾಗೆ ಆಗುತ್ತದೆಯೇ ಎಂದು ಕೇಳಿದೆ. ಅವರು, ಬಾಡಿಗೆ ಮನೆ ಬದಲಾಯಿಸಿದರೆ ಸಂಸಾರ ಮುರಿದ ಹಾಗಾ ಎಂದು ನನ್ನನ್ನೇ ಕೇಳಿದರು. ಅಲ್ಲಿಗೆ ತೀರ್ಪಾಯಿತು. ಕೈಯಲ್ಲಿದ್ದ ಅಡ್ಡಗದ್ದೆಯ ಕಾರ್ಡೊಂದನ್ನು ಬಿಟ್ಟು ಮದುವೆಗಳನ್ನೆಲ್ಲ ಎರಡು ಬೇರೆ ಬೇರೆ ಡಿಸ್ಕುಗಳಿಗೆ ಇಳಿಸಿದೆ. ಎರಡನ್ನೂ ಅಲ್ಲಲ್ಲಿ ತೆರೆದು, ಎಲ್ಲ ಸರಿಯಾಗಿ ಬಂದಿದೆ ಎಂದು ನೋಡಿದ ಮೇಲೆಯೇ ಹಳೆಯ ಜಾಗದಿಂದ ತೆಗೆದದ್ದು. ಅಷ್ಟಕ್ಕೇ ಎರಡು ದಿನ ಹಿಡಿಯಿತು.

ಈಗ ಒಳಗೆ ಉಳಿದದ್ದು ತೊಂಬತ್ತು ಜಿಬಿಯಷ್ಟು. ಇನ್ನೂರ ನಲವತ್ತರಲ್ಲಿ ಓಡಾಡಿಕೊಂಡು ಕೂರಬಹುದು ಎಂದುಕೊಂಡು, ಡಿಸ್ಕಿನಿಂದ ಡಿಸ್ಕಿಗೆ ಪಡಿಯಚ್ಚು ತೆಗೆಯುವ ಪ್ರೋಗ್ರಾಮನ್ನು ಓಡಿಸಿದೆ. ಆಗುವುದಿಲ್ಲ, ಜಾಗ ಚಿಕ್ಕದು ಎಂದಿತು. ಇನ್ನೊಮ್ಮೆ ಓಡಿಸಿದೆ, ಅದೇ ಮಾತು. ಸಾಮಾನು ಖಾಲಿಯಾದರೂ ಆ ಪ್ರೋಗ್ರಾಮಿಗೆ ಕಾಣುತ್ತಿದ್ದದ್ದು ಮನೆಯ ಗೋಡೆ.

ಕುರ್ಚಿಗೆ ಒರಗಿ ಕೂತೆ. ಆಗ ನೆನಪಾದದ್ದು ಮುದ್ರಣಾಲಯದ ಕಬ್ಬಿಣದ ಚೌಕಟ್ಟು. ಜೋಡಿಸಿದ ಪುಟವನ್ನು ಚೌಕಟ್ಟಿನೊಳಗೆ ಇಟ್ಟು, ಸುತ್ತ ಉಳಿದ ಜಾಗಕ್ಕೆ ಮರದ ತುಂಡು ತುಂಬಿ ಬಿಗಿ ಮಾಡುತ್ತಿದ್ದೆವು. ದೊಡ್ಡ ಚೌಕಟ್ಟಿನ ಪುಟವನ್ನು ಚಿಕ್ಕ ಚೌಕಟ್ಟಿಗೆ ಹಾಕಬೇಕಾದಾಗ ನಾನೊಮ್ಮೆ ನೇರ ಎತ್ತಲು ಹೋಗಿ ಇಡೀ ಪುಟವನ್ನು ನೆಲಕ್ಕೆ ಚೆಲ್ಲಿದ್ದೆ. ಯಜಮಾನರು ಬೈಯಲಿಲ್ಲ. ಪಕ್ಕದಲ್ಲಿ ಕೂತು ತಾವೂ ಮೊಳೆ ಹೆಕ್ಕುತ್ತ ಕ್ರಮ ಹೇಳಿಕೊಟ್ಟರು: ಮೊದಲು ಮರ ತೆಗಿ, ಅಕ್ಷರವನ್ನೆಲ್ಲ ಒಂದು ಮೂಲೆಗೆ ಒತ್ತು, ಅಲ್ಲೇ ಬಿಗಿ ಮಾಡು, ಆಮೇಲೆ ಎತ್ತು.

ಇಲ್ಲಿಯೂ ಅದೇ ಕ್ರಮ ಇರಲೇಬೇಕಲ್ಲ. ಹುಡುಕಿದರೆ ಇತ್ತು. ಪಡಿಯಚ್ಚು ತೆಗೆಯುವ ಮೊದಲು ಹಳೆಯ ಡಿಸ್ಕಿನಲ್ಲೇ ಪಾರ್ಟಿಷನ್ನನ್ನು, ಎಂದರೆ ಆ ಗೋಡೆಯನ್ನು, ಒಳಕ್ಕೆ ಸರಿಸಬೇಕು. ಸರಿಸಲು ಹೋದೆ. ಸ್ವಲ್ಪ ದೂರ ಬಂದು ನಿಂತಿತು. ನಡುವೆ ಎಲ್ಲೋ ಒಂದು ಮರದ ತುಂಡು ಸಿಕ್ಕಿಕೊಂಡಿದೆ ಎಂದು ಗೊತ್ತಾಯಿತು. ಕಂಪ್ಯೂಟರ್ ತನ್ನ ಅನುಕೂಲಕ್ಕೆ ತಾನೇ ಮಾಡಿಟ್ಟುಕೊಂಡ ಕೆಲವು ದೊಡ್ಡ ಫೈಲುಗಳಿರುತ್ತವೆ: ನಿದ್ದೆ ಹೋಗುವಾಗ ನೆನಪು ಬರೆದಿಡಲು ಒಂದು, ಮೆಮೊರಿ ಸಾಲದಾಗ ಬಳಸಲು ಒಂದು, ಹಿಂದಿನ ಸ್ಥಿತಿಗೆ ಮರಳಲು ಇನ್ನಷ್ಟು. ಅವು ಕೂತ ಜಾಗ ಬಿಟ್ಟು ಏಳುವುದಿಲ್ಲ. ಒಂದೊಂದನ್ನೇ ನಿಲ್ಲಿಸಿ, ಕಂಪ್ಯೂಟರನ್ನು ಮತ್ತೆ ಶುರು ಮಾಡಿ, ಉಳಿದದ್ದನ್ನು ಮುಂದಕ್ಕೆ ಒತ್ತಿ, ಗೋಡೆ ಸರಿಸಿದೆ. ಈ ಸಲ ಎಣ್ಣೆ ಹಚ್ಚಿದ ಬಾಗಿಲಿನ ಹಾಗೆ ಬಂತು. ಇನ್ನೂರಕ್ಕೆ ನಿಲ್ಲಿಸಿದೆ.

ಪಡಿಯಚ್ಚು ತೆಗೆದದ್ದು ಭಾನುವಾರ ಬೆಳಿಗ್ಗೆ. ನಡುವೆ ಕರೆಂಟು ಹೋದರೆ ಎರಡೂ ಡಿಸ್ಕು ಕೆಟ್ಟಾವೆಂದು ಮೊದಲೇ ಲೈನ್‌ಮನ್ನಿಗೆ ಫೋನ್ ಮಾಡಿ, ಇವತ್ತು ಎಲ್ಲಿಯಾದರೂ ಲೈನ್ ತೆಗೆಯುತ್ತೀರಾ ಎಂದು ಕೇಳಿಕೊಂಡಿದ್ದೆ. ಯಜಮಾನರು ಹತ್ತು ಗಂಟೆಯ ಬಸ್ಸಿಗೆ ಬಂದರು. ಪರದೆಯ ಮೇಲೆ ಹಸಿರು ಗೆರೆ ಬೆಳೆಯುವುದನ್ನು ನೋಡುತ್ತ ಇಬ್ಬರೂ ಕೂತೆವು. ಅವರು ನನಗೆ ಧೈರ್ಯ ಹೇಳಲಿಲ್ಲ. ಅವರದು ಆ ಜಾತಿಯ ಪ್ರೀತಿಯೇ ಅಲ್ಲ. ಗೆರೆ ಮುಗಿಯಿತು. ಹಳೆಯ ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಟ್ಟೆ, ಅದೇ ತಂತಿಗೆ ಚಿಕ್ಕದನ್ನು ಸಿಕ್ಕಿಸಿದೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಸ್ವಿಚ್ ಹಾಕಿದೆ.

ಊದುಬತ್ತಿಗೆ ಕಡ್ಡಿ ಗೀರುವಷ್ಟರಲ್ಲಿ ಪರದೆ ಬಂತು. ಆದರೆ ನನಗೆ ಬೇಕಾದದ್ದು ಪರದೆಯಲ್ಲ. ಆ ಸಾಫ್ಟ್‌ವೇರಿನ ಬೀಗ ಕಂಪ್ಯೂಟರಿಗೆ ಇತ್ತೋ ಹಳೆಯ ಡಿಸ್ಕಿಗೆ ಇತ್ತೋ, ಅಲ್ಲಿಯವರೆಗೂ ನನಗೆ ಗೊತ್ತಿರಲಿಲ್ಲ. ಅಡ್ಡಗದ್ದೆಯ ಮದುವೆಯ ಕಾರ್ಡು ತೆರೆದೆ. ಒಂದು ಗಳಿಗೆ ಬಿಳಿ. ಆಮೇಲೆ ಮೇಲೆ ಶ್ರೀಕಾರ, ಅದರ ಕೆಳಗೆ ಸಾಲು ಸಾಲಾಗಿ ನನ್ನ ಅಕ್ಷರ.

ಯಜಮಾನರು ಕನ್ನಡಕ ಒರೆಸಿ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದರು. ತಲೆಯಿಂದ ಕಾಲಿನವರೆಗೆ ಬೆರಳಿಟ್ಟು ಓದಿದರು, ಒತ್ತು ದೀರ್ಘ ಒಂದನ್ನೂ ಬಿಡದೆ. ನಾನು ಪಕ್ಕದಲ್ಲಿ ನಿಂತಿದ್ದೆ, ಹದಿನೇಳನೇ ವಯಸ್ಸಿನಲ್ಲಿ ನಿಲ್ಲುತ್ತಿದ್ದ ಹಾಗೇ.

“ಒಂದು ಮೊಳೆನೂ ಬಿದ್ದಿಲ್ಲ ಮಾರಾಯ್ತಿ,” ಎಂದರು.

ಅವರ ಕೈಕೆಳಗೆ ದುಡಿದ ಅಷ್ಟೂ ವರ್ಷದಲ್ಲಿ ಆ ಮಾತು ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಚೆನ್ನಾಗಿದೆ ಎಂದಿದ್ದರು, ಸಾಕು ಎಂದಿದ್ದರು. ಇದನ್ನು ಮಾತ್ರ ಅವರು ತಮ್ಮ ಹಿರಿಯ ಕೆಲಸಗಾರರೊಬ್ಬರಿಗೆ ಹೇಳಿದ್ದನ್ನು ಕೇಳಿದ್ದೆನಷ್ಟೇ. ಕಾಫಿ ತರುತ್ತೇನೆಂದು ಹೊರಗೆ ಹೋಗಿ ರಸ್ತೆ ಬದಿಗೆ ಸ್ವಲ್ಪ ಹೊತ್ತು ನಿಂತುಕೊಂಡೆ. ನರಸಿಂಹರಾಜಪುರದ ರಿಪೇರಿಯವರಿಗೆ ಫೋನ್ ಮಾಡಿದ್ದೂ ಅಲ್ಲಿಂದಲೇ. ಆಗಿದೆ ಎಂದಷ್ಟೇ ಹೇಳಿ, ಹೇಗೆ ಎಂದು ಅವರೇ ಎರಡು ಸಲ ಕೇಳುವವರೆಗೂ ಕಾದೆ. ಈಗ ಶೃಂಗೇರಿ ಕಡೆಯಿಂದ ಇಂಥ ಕೆಲಸ ಬಂದರೆ ಅವರು ನನ್ನ ಹತ್ತಿರ ಕಳಿಸುತ್ತಾರೆ.

ಕಾಫಿ ಕುಡಿಯುತ್ತ ಯಜಮಾನರು ಆ ಹೊಸ ಡಿಸ್ಕಿನ ಖಾಲಿ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದ್ರೊಳಗೆ ನನ್ನ ಕೊನೇ ಕಾಗದ ಎಷ್ಟು ಜಾಗ ಹಿಡೀತದೆ?”

“ನಿಮ್ದು ಎಂತ ಹಿಡೀತದೆ ಯಜಮಾನ್ರೆ, ಅವತ್ತೇ ತೆಗೀಬೇಕಲ್ಲ,” ಎಂದೆ.

ಅವರು ಕೆಮ್ಮು ಬರುವವರೆಗೂ ನಕ್ಕರು. ಮುಂದಿನ ಭಾನುವಾರ ಬರುವಾಗ ಅಂಗಿ ಜೇಬಿನಲ್ಲಿ ಮಡಚಿದ ಒಂದು ಕಾಗದ ತಂದಿದ್ದರು. ನಡುವೆ ತಂತಿ ಚುಚ್ಚಿದ ತೂತು, ಅಂಚು ಹಳದಿ. ಅವರದ್ದೇ ಮದುವೆಯ ಕರೆಯೋಲೆ, ಅವರೇ ಮೊಳೆ ಜೋಡಿಸಿ ಅಚ್ಚು ಹಾಕಿದ್ದು. ಇದೊಂದು ನಿನ್ನ ಲೆಕ್ಕದಲ್ಲಿ ಇಲ್ಲ, ಹಾಕಿಡು, ಮನೆಯವಳಿಗೆ ತೋರಿಸಬೇಕು ಎಂದರು.

ಸಾಲಿಗೆ ಸಾಲು ಅವರು ಜೋಡಿಸಿದ ಹಾಗೇ ಹೊಡೆದೆ. ಒಂದು ಪುಟ, ಫೋಟೊ ಇಲ್ಲ, ಹೂಬಳ್ಳಿ ಇಲ್ಲ. ಕಣ್ಣಿಗೆ ಕಾಣದಷ್ಟು ಜಾಗ ಹಿಡಿಯಿತು. ಉಳಿದ ಹಳೆಯ ಮದುವೆಗಳೆಲ್ಲ ಹೊರಗಿನ ಡಿಸ್ಕುಗಳಲ್ಲಿ ಸುಖವಾಗಿವೆ. ಅದೊಂದನ್ನು ಮಾತ್ರ ಸಾಗಿಸಿಲ್ಲ, ಚಿಕ್ಕ ಡಿಸ್ಕಿನಲ್ಲಿ ಸಿಸ್ಟಮ್ಮಿನ ಜೊತೆಗೇ ಇಟ್ಟುಕೊಂಡಿದ್ದೇನೆ.