ಅಲೆ ಹಿಂದೆ ಸರಿಯುವ ಹೊತ್ತು

ವಿಜಯವಾಡದಲ್ಲಿ, ಲಾರಿ ರಿಪೇರಿ ಶೆಡ್ಡುಗಳೇ ತುಂಬಿದ ಆಟೋನಗರದ ಬ್ಯಾಂಕ್ ಶಾಖೆಯಲ್ಲಿ ನಾನು ಗುಮಾಸ್ತನಾಗಿದ್ದಾಗ, ನಮ್ಮ ಮ್ಯಾನೇಜರರ ಮನೆಯಲ್ಲಿ ಊರಿನ ಕನ್ನಡಿಗರ ರಾಜ್ಯೋತ್ಸವದ ಹಾಡಿನ ತಾಲೀಮು ನಡೆಯುತ್ತಿತ್ತು. ಅವರು ಮೈಸೂರಿನವರು, ಸಂಗೀತ ಕಲಿತವರು. ನಾನು ರಾಯಚೂರು ಕಡೆಯವನು. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದವರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಒಂದು ಸಾಲು ಹಾಡಿದೆ, ಅಷ್ಟೆ.

“ನಿಮ್ಮ ಗಂಟಲಲ್ಲಿ ಲಾರಿ ರಿಪೇರಿ ನಡೀತಿದೆ ಕಣ್ರೀ. ನೀವು ಕುರ್ಚಿ ಹಾಕಿಸಿ, ಸಾಕು,” ಎಂದರು ಮ್ಯಾನೇಜರರು. ಎಲ್ಲರೂ ನಕ್ಕರು. ಕುರ್ಚಿ ಹಾಕಿಸಿದೆ. ಆ ನಗುವನ್ನು ಮಾತ್ರ ಮರೆಯಲಿಲ್ಲ.

ಮುಂದೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಎಂವಿಪಿ ಕಾಲೋನಿಯಲ್ಲಿ ಮನೆ. ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಋಷಿಕೊಂಡದ ಕಡಲತೀರಕ್ಕೆ ಹೋಗಿ, ನಗುವವರು ಯಾರೂ ಇಲ್ಲದ ಕಡೆ ಬಾಯಿ ಬಿಟ್ಟು ಹಾಡುತ್ತಿದ್ದೆ. ಗಾಳಿ ದನಿಯನ್ನು ಬಾಯಿಂದಲೇ ಕಿತ್ತುಕೊಳ್ಳುತ್ತಿತ್ತು. ಹಾಗಾಗಿ ಮೊದಲು ಕೂತು ಕೇಳುವುದನ್ನು ಕಲಿತೆ. ಅಲೆ ಒಡೆದ ಮೇಲೆ, ನೀರು ಮರಳನ್ನು ಎಳೆದುಕೊಂಡು ಹಿಂದೆ ಸರಿಯುವಾಗ, ಒಂದು ಗಳಿಗೆ ಸದ್ದು ಅಡಗುತ್ತದೆ. ಆಗ ಉಸಿರು ತುಂಬಿಕೊಂಡರೆ ಮುಂದಿನ ಅಲೆಯ ಮೇಲೆ ದನಿ ತಾನೇ ಏರುತ್ತದೆ. ಹಾಗೆ ಒಂದು ಹಾಡು ಕಟ್ಟಿದೆ. ಅದರಲ್ಲಿ ಉಸಿರು ತೆಗೆದುಕೊಳ್ಳುವ ಜಾಗ ಸಾಲಿನ ಕೊನೆಯಲ್ಲಿಲ್ಲ, ನಡುವೆ ಇದೆ.

ಅದೇ ಮ್ಯಾನೇಜರರು ಬಡ್ತಿ ಪಡೆದು ಅಲ್ಲಿಗೂ ಬಂದರು, ಕನ್ನಡ ಸಂಘದ ಅಧ್ಯಕ್ಷರಾದರು. ಮನೆಯಲ್ಲಿ ನಾನು ಗುನುಗುತ್ತಿದ್ದ ಹಾಡನ್ನು ಕಾಲೋನಿಯ ಕನ್ನಡದ ಹೆಂಗಸರು ಕಲಿತಿದ್ದರು; ಅವರ ಬಾಯಲ್ಲಿ ಅದನ್ನು ಕೇಳಿ ನನ್ನನ್ನು ಕರೆಸಿದರು.

“ಧಾಟಿ ಚೆನ್ನಾಗಿದೆ. ರಾಜ್ಯೋತ್ಸವಕ್ಕೆ ನಾನೇ ಹಾಡ್ತೀನಿ. ನೀವು ಎಂದಿನ ಹಾಗೆ ಕುರ್ಚಿ ನೋಡ್ಕೊಳ್ಳಿ.”

“ಆತ್ರಿ ಸರ. ಆದ್ರ ಒಮ್ಮೆ ಸಮುದ್ರದ ದಂಡಿಗೆ ಬರ್ರಿ. ಉಸಿರು ಎಲ್ಲಿ ತಗೋಬೇಕಂತ ಅಲ್ಲೇ ತಿಳೀತದ.”

“ಉಪ್ಪುಗಾಳಿ ನನ್ನ ಗಂಟಲಿಗೆ ಆಗಲ್ಲ. ಉಸಿರಾಡೋದನ್ನೂ ನೀವು ಹೇಳ್ಕೊಡ್ತೀರಾ?”

ಎರಡನೇ ಸಲ ಹೇಳಲಿಲ್ಲ. ತಾಲೀಮಿನಲ್ಲಿ ಅವರು ಅರ್ಧ ದನಿಯಲ್ಲಿ ಹಾಡಿಕೊಳ್ಳುವಾಗಲೇ ಎಲ್ಲಿ ಸಿಕ್ಕಿಬೀಳುತ್ತಾರೆಂದು ನನಗೆ ಗೊತ್ತಾಗಿತ್ತು. ಸುಮ್ಮನೆ ಕಾದೆ. ಖುಷಿಯಿಂದಲೇ ಕಾದೆ.

ರಾಜ್ಯೋತ್ಸವದ ದಿನ ತುಂಬಿದ ಸಭೆಯಲ್ಲಿ ಮೂರನೇ ಸಾಲಿಗೆ ಅವರ ಉಸಿರು ಮುಗಿಯಿತು. ಕೆಮ್ಮು ಬಂತು, ನಿಲ್ಲಲಿಲ್ಲ. ಹಿಂದೆ ಕುರ್ಚಿಗಳ ಬಳಿ ನಿಂತಿದ್ದ ನಾನು, ಮೈಕಿಲ್ಲದೆ, ಅವರು ಬಿಟ್ಟಲ್ಲಿಂದ ಎತ್ತಿಕೊಂಡು ಕೊನೆಯವರೆಗೂ ಹಾಡಿದೆ. ಸಭೆಗೆ ಸಭೆಯೇ ನನ್ನ ಕಡೆ ತಿರುಗಿತ್ತು.

ಆಮೇಲೆ ಒಂದು ಕುರ್ಚಿ ಎತ್ತಿಕೊಂಡು ವೇದಿಕೆ ಹತ್ತಿ, ಅವರ ಹಿಂದೆ ಇಟ್ಟೆ.

“ಕೂಡ್ರಿ ಸರ,” ಎಂದೆ. “ಕುರ್ಚಿ ಹಾಕೀನಿ.”

ಕೂತರು.