ಹತ್ತನೇ ತಿಂಗಳ ಕಂದು ಚುಕ್ಕೆ

ನೆಲಮಂಗಲದಾಚೆ, ತುಮಕೂರು ರಸ್ತೆಯ ಗೋದಾಮುಗಳ ನಡುವೆ ಒಂದು ಸಣ್ಣ ಕಾರ್ಖಾನೆ. ಮುರಿದ ಮೂಳೆಗೆ ಹಾಕುವ ಉಕ್ಕಿನ ಪ್ಲೇಟುಗಳಿಗೆ ತುಕ್ಕು ಹಿಡಿಯದಂತೆ ಅಲ್ಲಿ ತೆಳುವಾದ ಲೇಪನ ಕೊಡುತ್ತಾರೆ. ಮುನಿತಾಯಮ್ಮ ಅಲ್ಲಿಗೆ ಕಸ ಗುಡಿಸಲೆಂದು ಸೇರಿದವರು. ಅವರ ಅಚ್ಚುಕಟ್ಟು ನೋಡಿ ಎಂಜಿನಿಯರ್ ಹರ್ಷಿತ ಅವರನ್ನು ಪರೀಕ್ಷೆಯ ಕೋಣೆಗೆ ಹಾಕಿಸಿಕೊಂಡಳು. ಅಲ್ಲಿ ಹೊಸ ಲೇಪನದ ಇಪ್ಪತ್ನಾಲ್ಕು ಪ್ಲೇಟುಗಳು ಗಾಜಿನ ಜಾಡಿಗಳಲ್ಲಿ, ಮೈಬಿಸಿಯಷ್ಟೇ ಕಾವಿನ ಉಪ್ಪುನೀರಿನಲ್ಲಿ, ಒಂದು ವರ್ಷ ಮುಳುಗಿರಬೇಕಿತ್ತು. ದಿನವೂ ಬೆಳಿಗ್ಗೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಬರೆದಿಡುವುದು ಮುನಿತಾಯಮ್ಮನ ಕೆಲಸ.

ಅದು ಅವರಿಗೆ ಬರೀ ಸಂಬಳದ ಕೆಲಸವಾಗಿರಲಿಲ್ಲ. ಅತ್ತೆ ಮುತ್ತಮ್ಮನ ತೊಡೆಗೆ ಹಾಕಿದ್ದ ಪ್ಲೇಟು ಒಳಗೊಳಗೇ ಸವೆದು, ಸುತ್ತಲಿನ ಮಾಂಸ ಕಪ್ಪಾಗಿತ್ತು. ತೆಗೆಸಿದ ಮೇಲೂ ಆಕೆ ಎದ್ದು ನಡೆಯಲಿಲ್ಲ. ಎರಡು ವರ್ಷ ಆ ಗಾಯ ತೊಳೆದವರು ಮುನಿತಾಯಮ್ಮನೇ.

ಹತ್ತನೇ ತಿಂಗಳ ಒಂದು ಸೋಮವಾರ, ಒಂದು ಪ್ಲೇಟಿನ ಸ್ಕ್ರೂ ತೂತಿನ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ ಕಂಡಿತು. ಕನ್ನಡಕ ಒರೆಸಿ ಮತ್ತೆ ನೋಡಿದರು. ಉಳಿದ ಜಾಡಿಗಳೆಲ್ಲ ತಿಳಿಯಾಗಿದ್ದವು. ಹರ್ಷಿತ ಈ ಲೇಪನಕ್ಕಾಗಿ ನಾಲ್ಕು ವರ್ಷ ದುಡಿದಿದ್ದಳು. ಹೆರಿಗೆಯಾದ ಎರಡೇ ತಿಂಗಳಿಗೆ ಕೆಲಸಕ್ಕೆ ಬಂದಿದ್ದಳು. ಇನ್ನೆರಡು ತಿಂಗಳು ಕಳೆದರೆ ಪರೀಕ್ಷೆ ಮುಗಿಯುತ್ತಿತ್ತು. ಮುನಿತಾಯಮ್ಮ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು. ಆಮೇಲೆ ಬರೆದು, ಹರ್ಷಿತಳನ್ನು ಕರೆದರು.

ನೀರಿನ ಕಲೆಯಿರಬಹುದೆಂದು ಅವಳು ಒರೆಸಿದಳು. ಹೋಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೂತಿನ ಅಂಚಿನ ಲೇಪನ ಕೂದಲೆಳೆಯಷ್ಟು ಬಿರಿದಿತ್ತು. ಉಳಿದವನ್ನೂ ತೆಗೆದು ನೋಡಿದರು. ಇನ್ನೂ ಐದರಲ್ಲಿ ಅದೇ ಬಿರುಕು.

"ನನ್ ಕಣ್ಣಿಗೆ ಬೀಳ್ದೇ ಇದ್ದಿದ್ರೆ ಚೆನ್ನಾಗಿರ್ತಿತ್ತೇನೋ ಮೇಡಂ," ಎಂದರು ಮುನಿತಾಯಮ್ಮ.

ಹರ್ಷಿತ ಮುಖ ಆಚೆ ತಿರುಗಿಸಿಕೊಂಡಳು. "ಇಲ್ಲಮ್ಮ. ನೀವು ಬರ್ದಿದ್ದು ಸರಿ. ಇದು ಯಾರ್ದೋ ಕಾಲೊಳಗೆ ಹೋಗ್ತಿತ್ತು," ಎಂದಳು.

ಆ ಲೇಪನವನ್ನು ಕೈಬಿಟ್ಟರು. ಪರೀಕ್ಷೆಯ ಕೋಣೆಗೆ ಬೀಗ ಬಿತ್ತು, ಮುನಿತಾಯಮ್ಮ ಮತ್ತೆ ಪೊರಕೆ ಹಿಡಿದರು. ಆಯಮ್ಮನ ಕಣ್ಣು ತಗುಲಿಯೇ ಹೀಗಾಯಿತೆಂದು ಕೆಲವರು ಆಡಿಕೊಂಡರು. ಮುನಿತಾಯಮ್ಮ ಊಟಕ್ಕೆ ಒಬ್ಬರೇ ಕೂರತೊಡಗಿದರು.

ಏಳು ತಿಂಗಳ ಮೇಲೆ, ತೂತಿನ ಅಂಚುಗಳನ್ನು ದುಂಡಗೆ ತೀಡಿಸಿ, ಎರಡು ಪದರ ಲೇಪನ ಕೊಡಿಸಿದ ಹೊಸ ಪ್ಲೇಟುಗಳನ್ನು ಹರ್ಷಿತ ತಂದಳು. ಕೋಣೆಯ ಬೀಗದ ಕೈಯನ್ನು ಮುನಿತಾಯಮ್ಮನ ಕೈಗೇ ಕೊಟ್ಟಳು. ಅವರು ಧೂಳು ಹಿಡಿದಿದ್ದ ಜಾಡಿಗಳನ್ನು ಒಂದೊಂದಾಗಿ ಇಳಿಸಿ ತೊಳೆಯಲು ಕೂತರು. ಕೊನೆಯದನ್ನು ಒರೆಸಿ ಇಡುವಷ್ಟರಲ್ಲಿ ಸಂಜೆಯ ಬಸ್ಸು ಹೊರಟುಹೋಗಿತ್ತು.